ಗಾಳಿಯಲ್ಲಿ ಕೂಗಿದ ಕೌಜುಗ

ನಮ್ಮ ಮನೆಯಲ್ಲಿ ಬಹಳಷ್ಟು ತಪ್ಪುಗಳನ್ನು ಗಾಳಿಯ ತಲೆಗೆ ಕಟ್ಟುತ್ತಿದ್ದರು. ಒಲೆಯ ಬೆಂಕಿ ಆರಿದರೆ ಗಾಳಿ, ಹಿತ್ತಲ ಬಾಗಿಲು ಬಡಿದು ಅಜ್ಜಿಯ ನಿದ್ದೆ ಕೆಟ್ಟರೆ ಗಾಳಿ, ಅವ್ವ ಮೂರು ಸಲ ಕರೆದರೂ ಅಪ್ಪ ಓಗೊಡದಿದ್ದರೆ ಅದಕ್ಕೂ ಗಾಳಿ. ನವಲಗುಂದ ಕಡೆಯ ಎರೆ ಭೂಮಿ ಅದು. ಊರಿಗೂ ಬೆಣ್ಣೆಹಳ್ಳಕ್ಕೂ ನಡುವೆ ಗಾಳಿಗೆ ಅಡ್ಡ ನಿಲ್ಲುವಂಥ ಒಂದು ದಿಬ್ಬವಿಲ್ಲ, ತೋಪಿಲ್ಲ. ಆಷಾಢ ಹುಟ್ಟಿತೆಂದರೆ ಪಡುವಣದಿಂದ ಬೀಸತೊಡಗಿದ್ದು ದಿನಗಟ್ಟಲೆ ನಿಲ್ಲುತ್ತಿರಲಿಲ್ಲ. ಮಾಳಿಗೆಗೆ ಹಾಸಿದ ಮೇಲ್ಮುದ್ದೆಯ ಮಣ್ಣು ಬೆಳಕಿಂಡಿಯಿಂದ ಉದುರಿ ಅನ್ನದ ಗಡಿಗೆಗೆ ಬೀಳುತ್ತದೆಂದು ಅವ್ವ ಬೆಳಕಿಂಡಿಯ ಮೇಲೆ ಒಡಕು ಮಣ್ಣಿನ ಹರವಿಯೊಂದನ್ನು ಬೋರಲು ಹಾಕಿಸಿ ಕಲ್ಲು ಹೇರಿಸುತ್ತಿದ್ದಳು. ಆ ತಿಂಗಳು ಪೂರ್ತಿ ನಮ್ಮ ಮನೆ ಹಗಲಿನಲ್ಲೂ ಮಬ್ಬಾಗಿರುತ್ತಿತ್ತು. ನನಗೆ ಆರು ತುಂಬಿ ಏಳು ನಡೆಯುತ್ತಿದ್ದ ವರ್ಷದ ಆ ಮಬ್ಬಿನ ಬಗ್ಗೆ ಬರೆಯಲು ಈಗ ಕೂತಿದ್ದೇನೆ. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಮತ್ತೆ ಆಷಾಢ ಬಂದಿದೆ. ಕಿಟಕಿ ಬಡಿದುಕೊಳ್ಳುತ್ತಿದೆ. "ಗಾಳಿ ಐತಿ" ಎನ್ನುವವರು ಮನೆಯಲ್ಲಿ ಇಲ್ಲ.

ಮನೆ ದೊಡ್ಡದೇನಲ್ಲ. ತಲಬಾಗಿಲು ದಾಟಿದರೆ ಎರಡು ಎತ್ತು, ಒಂದು ಆಡು ಕಟ್ಟುವ ಅಂಕಣ. ಅಲ್ಲಿಂದ ಮೊಣಕಾಲೆತ್ತರ ಏರಿದರೆ ಪಡಸಾಲೆ. ಅದರ ಹಿಂದೆ ಅಡುಗೆ ಮನೆ. ಅಂಕಣಕ್ಕೂ ಪಡಸಾಲೆಗೂ ನಡುವಿನ ತೊಲೆಗೆ ಬಿದಿರಿನ ಪಂಜರವೊಂದು ತೂಗುತ್ತಿತ್ತು. ಅದರೊಳಗೆ ಅಪ್ಪನ ಕೌಜುಗ. ಕೋಳಿಗಿಂತ ಸಣ್ಣ ಹಕ್ಕಿ, ಮೈತುಂಬ ಒಣ ಹುಲ್ಲಿನ ಬಣ್ಣದ ಗೆರೆಗಳು. ಸುಮ್ಮನೆ ಕೂತರೆ ಮಣ್ಣಿನ ಹೆಂಟೆ ಯಾವುದು, ಹಕ್ಕಿ ಯಾವುದು ತಿಳಿಯದು. ಕುಂಟೆ ಹೊಡೆಯುವಾಗ ಸಿಕ್ಕ ಮರಿ ಅದು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಗೆದ್ದಲು ಆಯ್ದು ತಿನ್ನಿಸಿ, ನವಣೆ ನೆನೆಸಿ ಹಾಕಿ ಅದನ್ನು ದೊಡ್ಡದು ಮಾಡಿದ್ದಳು. ಎಲ್ಲರಿಗಿಂತ ಮೇಲೆ ಕೂತು ಎಲ್ಲರ ಮೇಲೂ ಕೂಗಾಡುತ್ತದೆ ಎಂದು ಅದಕ್ಕೆ ಧಣಿ ಎಂದು ಹೆಸರಿಟ್ಟವಳೂ ಅವಳೇ. ಬೆಳಗಾದರೆ ಧಣಿ ಕೂಗುತ್ತಿತ್ತು. ಗಾಳಿ ಇಲ್ಲದ ದಿನ ಹಳ್ಳದ ಜಾಲಿ ಕಂಟಿಯಿಂದ ಕಾಡಿನದೊಂದು ತಿರುಗಿ ಕೂಗುವುದು ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು.

ಆ ಕೂಗಿನ ಮೇಲೆಯೇ ಅಪ್ಪನ ಬೇಟೆ ನಿಂತಿತ್ತು. ಗಂಡು ಕೌಜುಗ ತನ್ನ ಜಾಗದಲ್ಲಿ ಇನ್ನೊಂದು ಗಂಡು ಕೂಗಿದರೆ ಸಹಿಸುವುದಿಲ್ಲ, ಕಾದಾಡಲು ಬರುತ್ತದೆ. ಅಪ್ಪ ಪಂಜರವನ್ನು ಕಂಟಿಯ ಬದಿಗೆ ಇಟ್ಟು, ಸುತ್ತಲೂ ಕುದುರೆ ಬಾಲದ ಕೂದಲಿನಿಂದ ಹೊಸೆದ ಉರುಲುಗಳನ್ನು ಗೂಟಕ್ಕೆ ಕಟ್ಟಿ, ಬದುವಿನ ಹಿಂದೆ ಮಲಗುತ್ತಿದ್ದ. ಧಣಿ ಕೂಗಬೇಕು, ಕಾಡಿನದು ಉತ್ತರ ಕೊಡಬೇಕು. ಉತ್ತರ ಬಂದ ದಿಕ್ಕು ನೋಡಿ ಅಪ್ಪ ತೆವಳಿಕೊಂಡು ಹೋಗಿ ಉರುಲುಗಳನ್ನು ಆ ಕಡೆಗೆ ಸರಿಸುತ್ತಿದ್ದ. ಉತ್ತರ ಬರದಿದ್ದರೆ ಎದ್ದು ಬೇರೆ ಕಡೆ ಹೋಗುವುದು. ಈಗ ಹಾಗೆ ಹಕ್ಕಿ ಹಿಡಿದರೆ ಕೇಸು ಆಗುತ್ತದೆ. ಆಗಲೂ ತಪ್ಪೇ ಇತ್ತೇನೋ, ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತೊಂದರೆ ಏನೆಂದರೆ, ಅಪ್ಪನಿಗೆ ಆ ಉತ್ತರ ಕೇಳಿಸುತ್ತಿರಲಿಲ್ಲ. ಹತ್ತಿಯ ಹಂಗಾಮಿನಲ್ಲಿ ಅಪ್ಪ ಅರಳೆ ಬಿಡಿಸುವ ಮಿಲ್ಲಿಗೆ ದುಡಿಯಲು ಹೋಗುತ್ತಿದ್ದ. ಯಂತ್ರದ ಪಕ್ಕ ನಿಂತು ನಿಂತು ಮೂವತ್ತು ದಾಟುವುದರೊಳಗೆ ಕಿವಿ ಮಂದವಾಗಿದ್ದವು. ಅದನ್ನು ಅವನು ಒಪ್ಪುತ್ತಿರಲಿಲ್ಲ. ಕೇಳಿಸದಿದ್ದುದಕ್ಕೆಲ್ಲ "ಹೂಂ" ಎನ್ನುತ್ತಿದ್ದ, ಸಿಕ್ಕಿಬಿದ್ದರೆ "ಗಾಳಿ ಐತಿ" ಎನ್ನುತ್ತಿದ್ದ. ಅವ್ವನ ಸಿಟ್ಟೆಲ್ಲ ಆ ಹೂಂಕಾರದ ಮೇಲೆ. ರೊಟ್ಟಿ ಬಡಿಯುತ್ತಲೇ ಶುರು ಮಾಡುತ್ತಿದ್ದಳು.

"ಜ್ವಾಳ ತೀರ್ಯಾವು ಅಂದ್ನಿ. ಕೇಳಿಸ್ತೇನ್ರಿ?"

"ಹೂಂ."

"ಮತ್ತ ಯಾವಾಗ ಹಗೇವು ತಗಸಿ ಕಾಳು ಮ್ಯಾಲ ತರಸ್ತೀರಿ?"

"ಹೂಂ."

"ಮನಿಗೆ ಬೆಂಕಿ ಬಿದ್ದೈತಿ ಅಂದ್ರೂ ಹೂಂ ಅಂತಾನ ನಿಮ್ಮ ಮಗ," ಎಂದು ಅವ್ವ ಆಯಿಯ ಕಡೆ ತಿರುಗುತ್ತಿದ್ದಳು.

"ನಾ ಹಡದಾಗ ಕಿವಿ ಚಲೋನ ಇದ್ದವು," ಎನ್ನುತ್ತಿದ್ದಳು ಆಯಿ. "ನಿನ್ನ ಕೈಯಾಗ ಕೊಟ್ಟಮ್ಯಾಲ ಕೆಟ್ಟಾವು."

ಹೀಗೆ ದಿನವೂ ನಡೆಯುತ್ತಿತ್ತು. ಅತ್ತೆ ಸೊಸೆಗೆ ಒಬ್ಬರಿಗೊಬ್ಬರು ಅನ್ನದೆ ಊಟ ಸೇರುತ್ತಿರಲಿಲ್ಲ. ನಡುವೆ ಅಪ್ಪ ಏನೂ ಕೇಳದವನಂತೆ ರೊಟ್ಟಿ ಮುರಿಯುತ್ತಿದ್ದ. ನಿಜವಾಗಿ ಕೇಳಿಸುತ್ತಿರಲಿಲ್ಲವೋ, ಕೇಳದಂತೆ ಇರುತ್ತಿದ್ದನೋ, ಅದು ಕೊನೆಯ ತನಕ ನಮಗಾರಿಗೂ ತಿಳಿಯಲಿಲ್ಲ.

ಆ ವರ್ಷ ಅಪ್ಪ ಬೇಟೆಗೆ ನನ್ನನ್ನು ಕರೆದುಕೊಂಡು ಹೋಗಲು ಹತ್ತಿದ. ನಾನು ಅವನ ಪಕ್ಕ ಬದುವಿಗೆ ಒರಗಿ ಮಲಗಬೇಕು. ಅವನು ಒಂದು ಬೆರಳು ಎತ್ತಿ ನನ್ನನ್ನು ನೋಡುತ್ತಾನೆ, ಕೇಳಿಸಿತೇ ಎಂದು. ಕೇಳಿಸಿದ್ದರೆ ನಾನು ಆ ದಿಕ್ಕಿಗೆ ಕೈ ಮಾಡಬೇಕು, ಇಲ್ಲದಿದ್ದರೆ ತಲೆ ಅಲ್ಲಾಡಿಸಬೇಕು. ಅಪ್ಪನ ಕಿವಿ ನಾನೇ ಎಂದು ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಓಣಿಯ ಹುಡುಗಿಯರೊಂದಿಗೆ ಆಡುವಾಗಲೂ ನಾನು ಕಿವಿಗೆ ಮಣ್ಣು ಹೋಗದಂತೆ ಸೆರಗಿನ ಹಾಗೆ ಬಟ್ಟೆ ಹೊದ್ದುಕೊಳ್ಳುತ್ತಿದ್ದೆ. ಆದರೆ ಹಕ್ಕಿ ಸಿಕ್ಕಮೇಲೆ ಇನ್ನೊಂದು ಕೆಲಸವಿತ್ತು. ಕೊಯ್ಯುವಾಗ ಕಾಲು ಹಿಡಿಯುವುದು. ಕಾರಹುಣ್ಣಿಮೆಗೆ ಮುಂಚೆ ಒಂದು ದಿನ ಅಪ್ಪ ನನ್ನ ಎರಡೂ ಕೈಯಲ್ಲಿ ಅದರ ಕಾಲು ಕೊಟ್ಟು, "ಘಟ್ಟಿ ಹಿಡಿ ಗಂಗೀ, ಆಕಡೆ ನೋಡು" ಎಂದ. ಆಕಡೆ ನೋಡಿದೆ. ನೋಡದಿದ್ದರೂ ಕೈಗೆ ತಿಳಿಯುತ್ತದೆ. ಆ ಸಣ್ಣ ಕಾಲುಗಳೊಳಗೆ ಏನೋ ಓಡುತ್ತಿದ್ದುದು ನಿಧಾನವಾಗುತ್ತ ಬಂದು ನಿಂತಿತು. ಆ ರಾತ್ರಿ ಎಲ್ಲರೂ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆಯ ಸುತ್ತ ಕೂತು ಸಾರು ಸುರಿದುಕೊಂಡು ಉಂಡರು. ನನಗೆ ಹೊಟ್ಟೆ ನೋಯುತ್ತದೆ ಎಂದು ಹೇಳಿ ಮೊಸರು ಕಲಸಿಕೊಂಡೆ.

ಆಷಾಢದಲ್ಲಿ ಆಯಿ ಹಾಸಿಗೆ ಹಿಡಿದಳು. ಜ್ವರ ಬಂದು ಹೋಯಿತು, ಆದರೆ ಊಟ ಸೇರದಾಯಿತು. ಅವ್ವ ಗಂಜಿ ಮಾಡಿದಳು, ನುಚ್ಚು ಮಾಡಿದಳು, ಬೈದಳು, ಕೈಮುಗಿದಳು. ಆಯಿ ಎರಡು ಗುಟುಕು ಕುಡಿದು ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಸೋಮವಾರ ಸಂಜೆ ಅಪ್ಪನನ್ನು ಹತ್ತಿರ ಕರೆದು, ಅವನ ಕಿವಿಗೆ ಬಾಯಿ ಹಚ್ಚಿ, ಮನೆಗೆಲ್ಲ ಕೇಳಿಸುವಷ್ಟು ಜೋರಾಗಿ ಹೇಳಿದಳು:

"ಒಂದು ಕೌಜಗದ ಸಾರು ಆಗಿದ್ರ ನಾಕು ತುತ್ತು ಒಳಗ ಹೋಕ್ಕಿತ್ತೋ ಏನೋ."

ಮಾತಾಡಿಸಲು ಬಂದಿದ್ದ ನಮ್ಮ ಅತ್ತೆ, ಅಪ್ಪನ ಅಕ್ಕ, ತೊಲೆಯ ಕಡೆ ಕೈ ಮಾಡಿದಳು. "ಪಂಜರದಾಗ ಒಂದು ಕುಂತೈತಲ್ಲ. ಈ ಗಾಳ್ಯಾಗ ಹಳ್ಳಕ್ಕ ಯಾಕ ಹೋಗೂದು?"

ಅಪ್ಪ ಉತ್ತರ ಕೊಡುವ ಮುಂಚೆ ಆಯಿಯೇ ಎದ್ದು ಕೂರಲು ನೋಡಿದಳು. "ನನ್ನ ಕೈಯಾಗಿನ ಕಾಳು ತಿಂದೈತಿ ಅದು. ಧಣೀನ್ನ ಕೊಯ್ದ್ರ ನನ್ನನ್ನ ಮೊದ್ಲು ಕೊಯ್ಯಿ."

ಗಾಳಿಯಲ್ಲಿ ಬೇಟೆಗೆ ಹೋಗಬಾರದೆಂದು ಅಪ್ಪನೇ ಹೇಳುತ್ತಿದ್ದ. ಹಕ್ಕಿಗಳು ಬದುವಿನ ಮರೆಯಲ್ಲಿ ಮುದುಡಿ ಕೂತಿರುತ್ತವೆ, ಕೂಗು ಕೂಗಿಗೆ ಮುಟ್ಟುವುದಿಲ್ಲ. ಆದರೂ ಮರುದಿನ ಬೆಳಗು ಹರಿಯುವಾಗ ನನ್ನನ್ನು ಎಬ್ಬಿಸಿದ. ಅದು ಮಂಗಳವಾರ, ಗುಳ್ಳವ್ವನ ವಾರ. ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಡೆ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿಸಿ ಪೂಜೆ ಮಾಡುತ್ತಾರೆ. ನಮ್ಮ ಓಣಿಗೆಲ್ಲ ಆಯಿಯೇ ಮಾಡಿಕೊಡುತ್ತಿದ್ದಳು, ಕುಸುಬಿ ಕಾಳಿನ ಒಡವೆ, ಗುಲಗಂಜಿಯ ಕಣ್ಣು ಇಟ್ಟು. ಈ ವಾರ ಗುಳ್ಳವ್ವ ಇಲ್ಲ ಎಂದು ನಾನು ಆಗಲೇ ಅತ್ತು ಮುಗಿಸಿದ್ದೆ.

ಅವ್ವ ತನ್ನ ಹಳೆಯ ಸೀರೆಯ ತುಂಡನ್ನು ನನ್ನ ತಲೆಗೆ ಬಿಗಿಯಾಗಿ ಸುತ್ತುತ್ತಿದ್ದಳು. "ಕೂಸಿನ್ನ ಯಾಕ ಒಯ್ಯತೀರಿ? ಹಾರಿ ಹೋಗತೈತಿ ಇದು."

"ಕಿವಿ ಬಿಟ್ಟು ಕಟ್ಟು," ಎಂದ ಅಪ್ಪ.

ನಾವು ಹೊರಡುವಾಗ ಅವ್ವ ಕೊಬ್ಬರಿ ಸುಟ್ಟು, ಬಳ್ಳೊಳ್ಳಿ, ಮೆಣಸು ಇಟ್ಟುಕೊಂಡು ಒರಳಿನ ಮುಂದೆ ಕೂತಿದ್ದಳು. ಹಕ್ಕಿ ಬರುವ ಮುಂಚೆಯೇ ಮಸಾಲೆ ಅರೆಯುವುದನ್ನು ಅದೇ ಮೊದಲ ಸಲ ನೋಡಿದ್ದೆ. ಯಾವಾಗಲೂ ಅವಳು, "ಮೊದ್ಲು ತರ್ರಿ, ಆಮ್ಯಾಲ ನೋಡೂಣು" ಎನ್ನುವವಳು.

ಹಳ್ಳದ ದಂಡೆಗೆ ಅರ್ಧ ತಾಸಿನ ದಾರಿ. ನಾಲ್ಕು ಬೆರಳು ಎದ್ದಿದ್ದ ಹೆಸರಿನ ಸಸಿಗಳು ನೆಲಕ್ಕೆ ಮಲಗಿದ್ದವು. ಅಪ್ಪ ಧೋತರದ ತುಂಡು ಸುತ್ತಿದ ಪಂಜರವನ್ನು ಗಾಳಿಗೆ ಬೆನ್ನು ಕೊಟ್ಟು ಎದೆಗೆ ಅವುಚಿಕೊಂಡು ಅಡ್ಡಡ್ಡ ನಡೆಯುತ್ತಿದ್ದ. ನಾನು ಅವನ ಅಂಗಿಯ ತುದಿ ಹಿಡಿದಿದ್ದೆ. ಗಾಳಿ ನಮ್ಮ ಹಕ್ಕಿಯ ಕೂಗನ್ನು ಹಳ್ಳದ ಆಚೆಯ ಕಳ್ಳಿಸಾಲಿಗೆ ಒಯ್ಯುವಂತೆ ಅಪ್ಪ ಪಂಜರ ಇಟ್ಟ, ಉರುಲು ಕಟ್ಟಿದ, ಬಟ್ಟೆ ತೆಗೆದ. ಉತ್ತರ ಬರುವುದಿದ್ದರೆ ಗಾಳಿಗೆ ಎದುರಾಗಿ ಬರಬೇಕು. ಅದನ್ನು ಹಿಡಿಯುವುದು ನನ್ನ ಕೆಲಸ. ನಾವು ಬದುವಿನ ಹಿಂದೆ ಮಲಗಿದೆವು. ಅಪ್ಪ ಪಡುವಣದ ಕಡೆ ಮಲಗಿ ತನ್ನ ಬೆನ್ನನ್ನು ನನಗೆ ಗೋಡೆ ಮಾಡಿದ. ಹಲ್ಲಿನಲ್ಲಿ ಮಣ್ಣು ಕರಕರ ಎನ್ನುತ್ತಿತ್ತು.

ಬಹಳ ಹೊತ್ತು ಧಣಿ ಸುಮ್ಮನಿತ್ತು. ಬಿಸಿಲು ಏರಿದ ಮೇಲೆ ಒಮ್ಮೆ ಕೂಗಿತು, ಮತ್ತೆ ಕೂಗಿತು. ಗಾಳಿ ಒಂದು ಗಳಿಗೆ ಉಸಿರು ಹಿಡಿದಂತೆ ಆಯಿತು. ಆಗ ಕಳ್ಳಿಸಾಲಿನಿಂದ ಬಂತು ಉತ್ತರ. ಸಣ್ಣಗೆ, ತುಂಡು ತುಂಡಾಗಿ, ಆದರೆ ಅನುಮಾನವೇ ಇಲ್ಲದಂತೆ ಬಂತು. ಅಪ್ಪ ಬೆರಳು ಎತ್ತಿದ.

ನನ್ನ ಕೈಗಳು ತಾವಾಗಿಯೇ ಅಂಗಿಯೊಳಗೆ ಹೋದವು. ಆ ಕಾಲುಗಳೊಳಗೆ ಓಡುತ್ತಿದ್ದುದು ನಿಂತದ್ದು ನನ್ನ ಅಂಗೈಯಲ್ಲಿ ಇನ್ನೂ ಇತ್ತು. ನಾನು ತಲೆ ಅಲ್ಲಾಡಿಸಿದೆ.

ಧಣಿ ಮತ್ತೆ ಕೂಗಿತು. ಕಳ್ಳಿಸಾಲಿನದು ಮತ್ತೆ ಕೂಗಿತು, ಈ ಸಲ ಹತ್ತಿರದಿಂದ. ಅಪ್ಪ ಮತ್ತೆ ಬೆರಳು ಎತ್ತಿದ. ನಾನು ಮತ್ತೆ ತಲೆ ಅಲ್ಲಾಡಿಸಿದೆ. ಅವನು ನನ್ನನ್ನು ಬಿಟ್ಟು ಪಂಜರದ ಕಡೆ ನೋಡಿದ. ಧಣಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಗಂಟಲು ಉಬ್ಬಿಸಿ, ಕಳ್ಳಿಸಾಲಿಗೆ ಮುಖ ಮಾಡಿ ನಿಂತಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಹದ್ದು ಗಿದ್ದು ಬಂತೇನೋ ಎಂದು ನೋಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿದ.

"ಖರೇನೂ ಕೇಳಿಸಲಿಲ್ಲೇನು?"

"ಇಲ್ಲಪಾ."

ಅಪ್ಪ ಬಾಯೊಳಗಿನ ಮಣ್ಣು ಉಗುಳಿದ. ಎದ್ದು ಉರುಲುಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತಿಕೊಂಡ.

"ಹಂಗಾರ ಹೋಗೂಣು ನಡಿ. ಗುಳ್ಳವ್ವಗ ಮಣ್ಣು ಬೇಕಂತಿದ್ದೆಲ್ಲ, ತೊಗೊಂಡು ಹೋಗೂಣು."

ಹಳ್ಳಕ್ಕೆ ಇಳಿದು, ಧಣಿಯ ಪಂಜರಕ್ಕೆ ಸುತ್ತುವ ಬಟ್ಟೆಯಲ್ಲೇ ಹಸಿ ಮಣ್ಣು ಕಟ್ಟಿಕೊಂಡ. ದಾರಿಯುದ್ದಕ್ಕೂ ಹಕ್ಕಿ ಬರಿಗಾಳಿಯಲ್ಲಿ ನಡುಗುತ್ತ ಬಂತು.

ಬಾಗಿಲಲ್ಲೇ ಅವ್ವ ಅಪ್ಪನ ಕೈ ನೋಡಿದಳು. ಬೈಯುವ ಅವ್ವ ಬೈಯದೆ ಇದ್ದದ್ದು ನನಗೆ ಹೆದರಿಕೆ ಹುಟ್ಟಿಸಿತು. ಆಯಿ ಹಾಸಿಗೆಯಿಂದಲೇ ಕೇಳಿದಳು:

"ಸಿಕ್ತೇನೋ?"

ಅಪ್ಪ ಅವಳ ಕಾಲ ಬಳಿ ಕೂತ. "ಗಾಳಿ ಬಾಳ ಇತ್ತು ಯವ್ವಾ."

"ಇರ್ಲಿ ಬಿಡು. ನಾಳೆ ನಿಂದ್ರತೈತಿ."

ಅರೆದಿಟ್ಟ ಮಸಾಲೆಯನ್ನು ಅವ್ವ ಬೇಳೆಗೆ ಹಾಕಿ ಕುದಿಸಿದಳು. ಮನೆತುಂಬ ಕೌಜುಗದ ಸಾರಿನ ವಾಸನೆಯೇ ಬಂತು. ಆಯಿ ಅದರಲ್ಲಿ ಎರಡು ತುತ್ತು ಉಂಡು, "ಮಸಾಲಿ ಚಲೋ ಆಗೇತಿ" ಎಂದಳು. ಅವ್ವನ ಅಡುಗೆಯನ್ನು ಆಯಿ ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ. ಅವ್ವ ತಟ್ಟೆ ತೆಗೆದುಕೊಂಡು ಅಡುಗೆ ಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಆಯಿ ಗೋಡೆಗೆ ಒರಗಿ ಕೂತು ನನ್ನನ್ನು ಕರೆದು ಗುಳ್ಳವ್ವನನ್ನು ಮಾಡಿದಳು. ಕೈ ನಡುಗುತ್ತಿದ್ದುದರಿಂದ ಗುಲಗಂಜಿಯ ಒಂದು ಕಣ್ಣು ಮೇಲೆ, ಒಂದು ಕೆಳಗೆ ಆಯಿತು. ತಾನೇ ನೋಡಿ ನಕ್ಕಳು.

"ನಿಮ್ಮತ್ತಿ ನೋಡಿದಂಗ ನೋಡಾಕತ್ತಾಳ ನೋಡಿಲ್ಲೆ."

ನನಗೆ ನಗಲು ಆಗಲಿಲ್ಲ. ಆಗ ಹೇಳಿಬಿಡಬಹುದಿತ್ತು. ಕಳ್ಳಿಸಾಲಿನಲ್ಲಿ ಕೂಗಿತು, ನಾನು ಕೇಳಿದೆ ಎಂದರೆ ಮುಗಿಯುತ್ತಿತ್ತು. ಮಣ್ಣಿನ ಕೈಯಲ್ಲಿ ಆಯಿ ನನ್ನ ಕೆನ್ನೆ ಮುಟ್ಟಿದಳು, ನಾನು ಹೊರಗೆ ಓಡಿದೆ.

ಮರುದಿನವೂ ಅದರ ಮರುದಿನವೂ ಅಪ್ಪ ಹೋದ. ಒಬ್ಬನೇ ಹೋದ, ನನ್ನನ್ನು ಎಬ್ಬಿಸಲಿಲ್ಲ. ಕೈ ಬೀಸಿಕೊಂಡು ಬಂದ. ಗಾಳಿ ನಿಲ್ಲಲಿಲ್ಲ. ಐದನೆಯ ದಿನ ಆಯಿ ಹೋದಳು, ಹರವಿ ಮುಚ್ಚಿದ ಬೆಳಕಿಂಡಿಯ ಕೆಳಗೆ, ಆ ಮಬ್ಬಿನಲ್ಲಿ. ದಿನಕರ್ಮದ ಎಡೆ ಇಡುವಾಗ ಅವಳಿಗೆ ಸೇರುತ್ತಿದ್ದುದನ್ನೆಲ್ಲ ಬಾಳೆಲೆಯ ಮೇಲೆ ಇಟ್ಟರು. ಎಲೆ ಅಡಿಕೆ, ಹೋಳಿಗೆ, ಕೆಂಪು ಖಾರದ ಚಟ್ನಿ. ಅತ್ತೆ ಅಳುತ್ತ, "ಬೇಡಿದ್ದೊಂದು ಇಡಾಕ ಆಗಲಿಲ್ಲಲ್ಲೋ ತಮ್ಮಾ" ಎಂದಳು. ಆ ಮಾತಂತೂ ಅಪ್ಪನಿಗೆ ಕೇಳಿಸಿತು. ಅವನು ಎದ್ದು ತೊಲೆಯಿಂದ ಪಂಜರ ಇಳಿಸಿ, ಹಿತ್ತಲ ಆಚೆಯ ಹೊಲಕ್ಕೆ ಒಯ್ದು, ಬಾಗಿಲು ತೆಗೆದ. ಧಣಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಹಾರಲಿಲ್ಲ, ಬದುವಿನ ಗುಂಟ ಓಡುತ್ತ ಹೋಯಿತು. ಅಪ್ಪ ಮತ್ತೆ ಬೇಟೆಗೆ ಹೋಗಲಿಲ್ಲ. ತಾಯಿ ಸತ್ತ ದುಃಖಕ್ಕೆ ಬಿಟ್ಟ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ.

ಒಂದು ಹಕ್ಕಿಯ ಸಾರಿನಿಂದ ಆಯಿ ಉಳಿಯುತ್ತಿರಲಿಲ್ಲ ಎಂದು ಈಗ ತಿಳಿಯುತ್ತದೆ. ಏಳು ವರ್ಷದವಳಿಗೆ ತಿಳಿಯುತ್ತಿರಲಿಲ್ಲ. ನಾನು ಮಾತು ಕಡಿಮೆಯ ಹುಡುಗಿಯಾದೆ. ಯಾರಾದರೂ ಏನಾದರೂ ಕೇಳಿದರೆ ಎರಡು ಸಲ ಯೋಚಿಸಿ ಉತ್ತರ ಕೊಡುವ ಅಭ್ಯಾಸವಾಯಿತು. ಸಾಲೆಯಲ್ಲಿ ನನ್ನನ್ನು ಮಂದ ಎಂದರು. ಅಪ್ಪನಿಗೆ ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ನಾನು ದೊಡ್ಡವಳಾಗುವಷ್ಟರಲ್ಲಿ ಅವನ ಕಿವಿ ಬಹುಪಾಲು ಹೋಗಿದ್ದವು. ಅವನಿಗೆ ಏನು ಹೇಳುವುದಿದ್ದರೂ ಓಣಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಇಂಥದ್ದನ್ನು ಕೂಗಿ ಹೇಳಲು ಬರುವುದಿಲ್ಲ.

ಅವ್ವ ಹೋದ ಮೇಲೆ ಅಪ್ಪ ಅಣ್ಣಿಗೇರಿಯಲ್ಲಿ, ನನ್ನನ್ನು ಕೊಟ್ಟ ಮನೆಯಲ್ಲೇ ಇದ್ದ. ನಾನು ಅಂಗನವಾಡಿಯ ಕೆಲಸ ಮುಗಿಸಿ ಬರುವ ತನಕ ನನ್ನ ಮಗಳ ಮಗಳು ಚೈತ್ರಾ ಅವನ ಹತ್ತಿರ ಇರುತ್ತಿದ್ದಳು. ಐದು ವರ್ಷದ ಅವಳು ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಅವನಿಗೆ ಅಷ್ಟಿಷ್ಟು ಮುಟ್ಟುತ್ತಿತ್ತು. ಹೋದ ವರ್ಷ ಒಂದು ದಿನ ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಅಪ್ಪ ಅವಳಿಗೆ ಧಣಿಯ ಕತೆ ಹೇಳುತ್ತಿದ್ದ.

"ನಿನಗ ಕಿವೀನ ಕೇಳಿಸೂದಿಲ್ಲಲ್ಲ ಮುತ್ಯಾ," ಎಂದು ಅವಳು ಕೂಗಿದಳು, "ಕಾಡಿನ ಹಕ್ಕಿ ಕೂಗಿದ್ದು ಹೆಂಗ ಗೊತ್ತಾಗ್ತಿತ್ತು?"

"ಕೇಳೂದು ಯಾಕ ಬೇಕು? ಪಂಜರದಾಗಿಂದು ಹೇಳತೈತಿ. ತಾನಾಗೇ ಕೂಗೂವಾಗ ಸುಮ್ನ ಕೂಗತೈತಿ. ಎದುರಿಂದು ಕೂಗಿತಂದ್ರ ಗಂಟ್ಲ ಉಬ್ಬಿಸಿ, ಅತ್ತಾಗ ಮಾರಿ ಮಾಡಿ ನಿಂದ್ರತೈತಿ. ನೋಡಿದ್ರ ಆತು."

"ಮತ್ತ ಈ ಅಜ್ಜಿನ್ನ ಯಾಕ ಒಯ್ತಿದ್ದಿ?"

"ಒಬ್ಬಾವ್ನ ಕುಂದ್ರಾಕ ಬ್ಯಾಸರಾಗತೈತಿ."

ಮೊರ ನನ್ನ ಕೈಯಲ್ಲೇ ನಿಂತಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ಚೈತ್ರಾಳಿಗೆ ಗಂಟಲು ಉಬ್ಬಿಸಿ ತೋರಿಸುತ್ತಿದ್ದ, ಅವಳು ನಗುತ್ತಿದ್ದಳು. ಬದುವಿನ ಹಿಂದೆ ಅವನು ಅಷ್ಟು ಹೊತ್ತು ನೋಡಿದ್ದು ಹದ್ದಿಗಾಗಿ ಅಲ್ಲ. ಕೂಗಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕೇಳಿದ, ನನ್ನ ಉತ್ತರ ಕೇಳಿ ಉರುಲು ಬಿಚ್ಚಿದ. ಮನೆಯಲ್ಲಿ ತಾಯಿ ಕಾಯುತ್ತಿದ್ದಳು. ಇನ್ನೂ ದಿನಗಳಿವೆ ಎಂದುಕೊಂಡಿರಬೇಕು. ಆಮೇಲಿನ ಐವತ್ತು ವರ್ಷ ಆ ಮಾತು ಒಮ್ಮೆಯೂ ಎತ್ತಲಿಲ್ಲ.

ಮಾಘ ಮುಗಿಯುವಾಗ ಅಪ್ಪ ಮಲಗಿದ. ಉಣ್ಣುವುದು ಕಡಿಮೆಯಾಯಿತು, ಆಯಿಯ ಹಾಗೆಯೇ. ಏನು ಬೇಕು ಎಂದು ಕೈಸನ್ನೆಯಲ್ಲಿ ಕೇಳಿದರೆ ಏನೂ ಬೇಡ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ನಾನು ಅವನ ಹತ್ತಿರ ಕೂತು, ಕೂಗದೆ, ದಿನನಿತ್ಯದ ದನಿಯಲ್ಲಿ ಹೇಳಿದೆ:

"ಅಪ್ಪಾ, ಅವತ್ತು ಅದು ಕೂಗಿತ್ತು. ಎರಡು ಸಲ. ನನಗ ಕೇಳಿಸಿತ್ತು. ಕಾಲು ಹಿಡ್ಯಾಕ ಅಂಜಿಕಿ ಬಂದು ಇಲ್ಲ ಅಂದ್ನಿ."

ಅವನಿಗೆ ಕೇಳಿಸುವ ಮಾತಲ್ಲ ಅದು. ಆದರೆ ಅವನ ಕಣ್ಣು ನನ್ನ ಬಾಯಿಯ ಮೇಲೂ ಇರಲಿಲ್ಲ, ಮುಖದ ಮೇಲೂ ಇರಲಿಲ್ಲ. ನನ್ನ ಗಂಟಲ ಮೇಲಿದ್ದವು. ಬಹಳ ಹೊತ್ತು ಹಾಗೇ ನೋಡಿದ. ಆಮೇಲೆ ನನ್ನ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಎದೆಯ ಮೇಲೆ ಇಟ್ಟುಕೊಂಡ.

"ಗಾಳಿ ಬಾಳ ಇತ್ತವ್ವಾ," ಎಂದ. "ಬಿಡು."